ಮಗನ ಮಾತು ತಡವಾಯಿತು: ಕಿವಿ ಪರೀಕ್ಷೆಯಿಂದ ಗ್ರೊಮೆಟ್‌ವರೆಗೆ ನಮ್ಮ ಒಂದೂಕಾಲು ವರ್ಷ

ಹೋದ ವಾರ ಮಗನ ಕೊನೆಯ ಕಿವಿ ಪರೀಕ್ಷೆ ಮುಗಿಯಿತು. ಎರಡೂ ಕಿವಿ ಸರಿಯಾಗಿವೆ ಎಂದು ಬರೆದ ಹಾಳೆ ಮುಂದಿಟ್ಟುಕೊಂಡು ಕೂತಿದ್ದೇನೆ. ಹಿಂದಿನ ಹಾಳೆಗಳೆಲ್ಲ ಹಳದಿ ಫೈಲಿನಲ್ಲಿವೆ, ಫೈಲು ಈಗ ಬೆರಳು ದಪ್ಪ ಆಗಿದೆ. ಅವನಿಗೆ ಮೂರು ವರ್ಷ ನಾಲ್ಕು ತಿಂಗಳು. ಎರಡು ತುಂಬಿದಾಗ ಅವನ ಬಾಯಲ್ಲಿ ಇದ್ದದ್ದು ಆರೇ ಆರು ಮಾತು. ಆಗ ನಮಗೆ ಯಾರಾದರೂ ಕೂರಿಸಿಕೊಂಡು ಮೊದಲು ಏನು ಮಾಡಬೇಕು, ಎಲ್ಲಿಗೆ ಹೋಗಬೇಕು, ಯಾವ ಕಾಗದ ಬೇಕು ಅಂತ ಹೇಳಿದ್ದರೆ ಎಷ್ಟೋ ಅಲೆದಾಟ ತಪ್ಪುತ್ತಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವನು ಹುಟ್ಟಿದ್ದು ನನ್ನ ತವರು ಚಿತ್ರದುರ್ಗದಲ್ಲಿ, ಫೆಬ್ರವರಿಯಲ್ಲಿ. ಬಾಣಂತನ ಮುಗಿಸಿ ದಾವಣಗೆರೆಗೆ ಬರುವಷ್ಟರಲ್ಲಿ ಕತ್ತು ನಿಂತಿತ್ತು. ಬೋರಲು ಬಿದ್ದ, ಕೂತ, ಅಂಬೆಗಾಲಿಟ್ಟ. ಹೊಸ್ತಿಲು ದಾಟಿದ ದಿನ ಅತ್ತೆ ಪಕ್ಕದ ನಾಲ್ಕು ಮನೆಗೆ ಸಿಹಿ ಹಂಚಿದರು. ಹದಿಮೂರನೇ ತಿಂಗಳಿಗೆ ನಡೆದ. ತಾಯಿ ಕಾರ್ಡಿನಲ್ಲಿ ಮಗು ಯಾವ ತಿಂಗಳಿಗೆ ಏನು ಮಾಡಬೇಕು ಅಂತ ಚಿತ್ರ ಹಾಕಿರುತ್ತಾರೆ, ನೋಡಿದ್ದೀರಾ? ನಾನು ಒಂದೊಂದಕ್ಕೂ ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದೆ. ಒಂದು ವರ್ಷಕ್ಕೆ ‘ಅವ್ವ’, ‘ಮಮ್ಮು’ ಬಂತು. ಆಮೇಲೆ ‘ಬಾ’, ‘ಅಜ್ಜಾ’. ಅಲ್ಲಿಗೆ ನಿಂತಿತು. ಒಂದೂವರೆ ವರ್ಷಕ್ಕೆ ನಾಲ್ಕು, ಎರಡಕ್ಕೆ ಆರು. ಎರಡು ವರ್ಷಕ್ಕೆ ಎರಡೆರಡು ಪದ ಜೋಡಿಸಿ ಮಾತಾಡಬೇಕು ಅನ್ನುವ ಕಡೆ ನನ್ನ ಪೆನ್ಸಿಲು ಗುರುತು ಹಾಕಲೇ ಇಲ್ಲ.

ಸುತ್ತ ಇದ್ದವರೆಲ್ಲ ಸಮಾಧಾನ ಹೇಳಿದರು. ‘ಏ ಬಿಡವ್ವ, ಗಂಡು ಹುಡುಗ್ರ ಮಾತು ತಡಾನೇ.’ ‘ನಿಮ್ಮ ಮಾವ ನಾಲ್ಕು ವರ್ಷಕ್ಕೆ ಮಾತಾಡಿದ್ದು, ಈಗ ಬಾಯಿ ಮುಚ್ಚಿಸೋಕಾಗಲ್ಲ.’ ಒಬ್ಬರು ಬಜೆ ತೇಯ್ದು ಜೇನುತುಪ್ಪದಲ್ಲಿ ನೆಕ್ಕಿಸು ಅಂದರು. ಇನ್ನೊಬ್ಬರು ಗುಡಿಯ ಗಂಟೆಯಲ್ಲಿ ನೀರು ಹಾಕಿ ಕುಡಿಸು ಅಂದರು. ಅತ್ತೆ ದುಗ್ಗಮ್ಮನಿಗೆ ಹರಕೆ ಹೊತ್ತರು. ಹರಕೆ ಹೊತ್ತದ್ದಕ್ಕೆ ನನಗೆ ಬೇಜಾರಿಲ್ಲ, ಆ ರಾತ್ರಿ ನನಗೂ ಸ್ವಲ್ಪ ನಿದ್ದೆ ಬಂತು. ಬಜೆ ಮಾತ್ರ ಕೊಡಲಿಲ್ಲ. ಮುಂದೆ ಡಾಕ್ಟರನ್ನು ಕೇಳಿದಾಗ, ಕೊಡದೇ ಇದ್ದದ್ದು ಒಳ್ಳೆಯದಾಯಿತು ಅಂದರು.

ಎರಡು ತುಂಬುವ ಮುಂಚೆ ಒಬ್ಬ ಡಾಕ್ಟರಿಗೆ ತೋರಿಸಿದ್ದೆವು. ಮಗು ಚೆನ್ನಾಗಿ ಓಡಾಡುತ್ತಿದೆ, ಮೂರು ವರ್ಷ ಆಗಲಿ, ಆಮೇಲೆ ನೋಡೋಣ ಅಂದರು. ಎರಡೇ ನಿಮಿಷದ ಮಾತು. ಆ ಎರಡು ನಿಮಿಷ ನಂಬಿ ನಾವು ಐದು ತಿಂಗಳು ಸುಮ್ನೆ ಕೂತೆವು. ಅದೇ ಐದು ತಿಂಗಳಲ್ಲಿ ಎದುರು ಮನೆಯ ಹುಡುಗಿ, ಇವನ ವಾರಗೆಯವಳು, ‘ಆಂಟಿ, ನಿಮ್ಮನೇಲಿ ಏನು ಸಾರು?’ ಅಂತ ಕೇಳುವಷ್ಟಾದಳು. ನಾನು ಅವಳಿಗೆ ಉತ್ತರ ಹೇಳಿ ಒಳಗೆ ಹೋಗಿ ಅತ್ತಿದ್ದೇನೆ.

ಆಗ ನನ್ನ ಕಣ್ಣೆದುರೇ ಇದ್ದು ಗೊತ್ತಾಗದ ವಿಷಯಗಳನ್ನು ಹೇಳಬೇಕು. ಚಳಿಗಾಲ ಪೂರ್ತಿ ಅವನಿಗೆ ನೆಗಡಿ. ಬಾಯಿ ತೆರೆದು ಮಲಗುತ್ತಿದ್ದ, ಗೊರಕೆ ಹೊಡೆಯುತ್ತಿದ್ದ. ಹಿಂದಿನಿಂದ ಕರೆದರೆ ಮೂರು ಸಲಕ್ಕೆ ಒಂದು ಸಲ ತಿರುಗುತ್ತಿದ್ದ. ‘ಆಟದಲ್ಲಿ ಮುಳುಗಿದ್ದಾನೆ’ ಅಂದುಕೊಳ್ಳುತ್ತಿದ್ದೆವು. ಟೀವಿಯ ಹತ್ತಿರ ಹೋಗಿ ನಿಲ್ಲುತ್ತಿದ್ದ. ಮಾತಾಡುವಾಗ ನನ್ನ ಗಲ್ಲ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಳ್ಳುತ್ತಿದ್ದ. ಅದನ್ನು ನಾವು ಪ್ರೀತಿ ಅಂದುಕೊಂಡೆವು. ಕಿವಿ ಬಗ್ಗೆ ಯೋಚನೆಯೇ ಬರಲಿಲ್ಲ, ಯಾಕೆಂದರೆ ಕುಕ್ಕರ್ ಸೀಟಿ ಹೊಡೆದರೆ ತಿರುಗುತ್ತಿದ್ದ. ಬೈಕ್ ಸದ್ದಿಗೆ ‘ಪ್ಪಾ’ ಅನ್ನುತ್ತಾ ಬಾಗಿಲಿಗೆ ಓಡುತ್ತಿದ್ದ. ಕೇಳಿಸುತ್ತದಲ್ಲ, ಮತ್ತೇನು ಅಂತ ಮನೆಮಂದಿಯೆಲ್ಲ ತೀರ್ಮಾನ ಮಾಡಿದ್ದೆವು. ನಿಮ್ಮ ಮನೆಯಲ್ಲೂ ಹೀಗೇ ತೀರ್ಮಾನ ಆಗಿದ್ದರೆ ದಯವಿಟ್ಟು ಅದನ್ನು ಅಲ್ಲಿಗೇ ಬಿಡಬೇಡಿ.

ದಾರಿ ತೋರಿಸಿದ್ದು ನಮ್ಮ ಬೀದಿಯ ಅಂಗನವಾಡಿ ಟೀಚರ್. ಮಾರ್ಚ್ ತಿಂಗಳು, ಮಕ್ಕಳ ಆರೋಗ್ಯ ತಪಾಸಣೆಗೆ ತಂಡ ಬರುತ್ತದೆ, ಕರೆದುಕೊಂಡು ಬನ್ನಿ ಅಂದರು. ಇದು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, 2013ರಲ್ಲಿ ಶುರುವಾದದ್ದು. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ತಂಡ ಬಂದು ಮಕ್ಕಳನ್ನು ನೋಡಬೇಕು ಅನ್ನುವುದು ನಿಯಮ. ಹುಟ್ಟಿದ ಮಗುವಿನಿಂದ 18 ವರ್ಷದವರೆಗೆ. ತೊಂದರೆ ಕಂಡರೆ ಚೀಟಿ ಬರೆದು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸುತ್ತಾರೆ. ಹೆಸರು ಕೇಳಿ ಗಾಬರಿಯಾಗಬೇಡಿ. ಬೆಳವಣಿಗೆ ತಡವಾದ ಮಕ್ಕಳನ್ನು ಒಂದೇ ಕಡೆ ನೋಡುವ ಜಾಗ ಅಷ್ಟೇ. ಇಂಥದ್ದೊಂದು ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ನನ್ನ ಮಗ ಅಂಗನವಾಡಿಗೆ ಹೋಗುತ್ತಲೂ ಇರಲಿಲ್ಲ, ಆದರೂ ನೋಡಿದರು.

ಕೇಂದ್ರದಲ್ಲಿ ಮೊದಲು ಇಪ್ಪತ್ತು ಪ್ರಶ್ನೆ ಕೇಳಿದರು. ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತಾನಾ? ಏನಾದರೂ ಚೆಂದದ್ದು ಕಂಡರೆ ನಿಮಗೂ ತೋರಿಸುತ್ತಾನಾ? ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾನಾ? ಬೇರೆ ಮಕ್ಕಳನ್ನು ಕಂಡರೆ ಹತ್ತಿರ ಹೋಗುತ್ತಾನಾ? ಇದು ಆಟಿಸಂ ಬಗೆಗಿನ ಪ್ರಶ್ನಾವಳಿ ಅಂತ ನನಗೆ ಅರ್ಥವಾಗಿ ಕೈ ತಣ್ಣಗಾಯಿತು. ಮಹಡಿ ಮೇಲೆ ಚಂದ್ರ ಕಂಡರೆ ನನ್ನನ್ನು ಎಳೆದು ತಂದು ತೋರಿಸುತ್ತಾನೆ ಅಂದೆ. ಆಕೆ ಬರೆದುಕೊಂಡು ನಕ್ಕರು. ‘ಹಾಗಾದ್ರೆ ಮೊದಲು ಕಿವಿ ನೋಡೋಣ. ಮಾತು ತಡ ಅಂತ ಬಂದ ಯಾವ ಮಗುವಿಗಾದ್ರೂ ಮೊದಲು ಕಿವಿ’ ಅಂದರು.

ಕಿವಿ ಪರೀಕ್ಷೆ ಮೂರು ತರಹದ್ದು ಆಯಿತು. ಮೊದಲನೆಯದು ಓಎಇ. ಕಿವಿಗೆ ಸಣ್ಣ ರಬ್ಬರ್ ಬಿರಡೆ ಇಟ್ಟು ಸಣ್ಣ ಸದ್ದು ಕಳಿಸುತ್ತಾರೆ, ಒಳಗಿನ ಕಿವಿ ಅದಕ್ಕೆ ಮಾರುತ್ತರ ಕೊಡುತ್ತದಾ ಅಂತ ಯಂತ್ರ ನೋಡುತ್ತದೆ. ಮಗು ಅಳದೆ ಒಂದೆರಡು ನಿಮಿಷ ಕೂತರೆ ಸಾಕು. ಎರಡೂ ಕಿವಿಗೆ ‘ರೆಫರ್’ ಅಂತ ಬಂತು. ಅಂದರೆ ಕಿವುಡು ಅಂತಲ್ಲ, ಮುಂದಿನ ಪರೀಕ್ಷೆ ಬೇಕು ಅಂತ. ಇದನ್ನು ನಮಗೆ ಅಲ್ಲಿ ಬಿಡಿಸಿ ಹೇಳಲಿಲ್ಲ. ಆ ಒಂದು ಪದ ಹಿಡಿದುಕೊಂಡು ನಾವು ಆಟೋದಲ್ಲಿ ಮನೆಗೆ ಬಂದದ್ದು, ದಾರಿಯುದ್ದಕ್ಕೂ ಇಬ್ಬರೂ ಮಾತಾಡದೇ ಇದ್ದದ್ದು ಮರೆಯುವುದಿಲ್ಲ. ಎರಡನೆಯದು ಟಿಂಪನೋಮೆಟ್ರಿ. ಕಿವಿಯ ತಮಟೆ ಒತ್ತಡಕ್ಕೆ ಅಲುಗಾಡುತ್ತದಾ ಅಂತ ನೋಡುವುದು. ಸರಿಯಿದ್ದರೆ ಗೆರೆ ಗುಡ್ಡದ ಹಾಗೆ ಏರಿ ಇಳಿಯುತ್ತದೆ. ನಮ್ಮ ಮಗನದು ಎರಡೂ ಕಡೆ ಬಯಲು. ತಮಟೆಯ ಹಿಂದೆ ನೀರು ತುಂಬಿದೆ ಅಂದರು. ಗ್ಲೂ ಇಯರ್ ಅನ್ನುತ್ತಾರಂತೆ, ಅಂಟು ತುಂಬಿದ ಕಿವಿ. ನೋವಿಲ್ಲ, ಸೋರುವುದಿಲ್ಲ, ಜ್ವರ ಇಲ್ಲ. ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ.

ಮೂರನೆಯದು ಬೆರಾ. ಇದರಲ್ಲೇ ನಾವು ಜಾಸ್ತಿ ಒದ್ದಾಡಿದ್ದು. ತಲೆಗೆ ಸಣ್ಣ ತಂತಿಗಳನ್ನು ಅಂಟಿಸಿ, ಯಾವ ಮಟ್ಟದ ಸದ್ದಿಗೆ ಮಿದುಳಿನ ದಾರಿ ಸ್ಪಂದಿಸುತ್ತದೆ ಅಂತ ನೋಡುತ್ತಾರೆ. ಅಷ್ಟು ಹೊತ್ತೂ ಮಗು ನಿದ್ದೆಯಲ್ಲಿರಬೇಕು. ನಮಗೆ ಸೋಮವಾರ ಬೆಳಗ್ಗೆ ಸಮಯ ಕೊಟ್ಟಿದ್ದರು. ಭಾನುವಾರ ಅತ್ತೆ ಎಂದಿನ ಹಾಗೆ ತಲೆ ತುಂಬ ಎಣ್ಣೆ ಹಚ್ಚಿ ನೀರೆರೆದಿದ್ದರು. ಎಣ್ಣೆ ಜಿಡ್ಡಿಗೆ ತಂತಿ ನಿಲ್ಲಲಿಲ್ಲ. ಒರೆಸಿ ಒರೆಸಿ ಅಂಟಿಸುವಷ್ಟರಲ್ಲಿ ಅವನು ಎದ್ದ. ಮತ್ತೆ ಮಲಗಲಿಲ್ಲ. ಮುಂದಿನ ದಿನಾಂಕ ಮೂರು ವಾರ ಬಿಟ್ಟು.

ಬೆರಾಕ್ಕೆ ಹೋಗುವವರು ಇದಿಷ್ಟು ನೆನಪಿಡಿ. ಹಿಂದಿನ ದಿನ ಬರೀ ಶಾಂಪೂ ಹಾಕಿ ತಲೆ ತೊಳೆಯಿರಿ, ಎಣ್ಣೆ ಬೇಡ. ರಾತ್ರಿ ತಡವಾಗಿ ಮಲಗಿಸಿ, ಬೆಳಗ್ಗೆ ನಾಲ್ಕಕ್ಕೇ ಎಬ್ಬಿಸಿ. ದಾರಿಯಲ್ಲಿ ಮಲಗಲು ಬಿಡಬೇಡಿ, ಹತ್ತು ನಿಮಿಷ ತೂಕಡಿಸಿದರೂ ಆ ದಿನ ಹೋಯಿತು ಅಂತಲೇ. ನಾವು ಎರಡನೇ ಸಲ ಬೈಕಿನಲ್ಲಿ ಕರೆದುಕೊಂಡು ಹೋಗಿ, ಗುಂಡಿ ಸರ್ಕಲ್ ಹತ್ತಿರ ಇಳಿದು, ಅವನನ್ನು ನಡೆಸಿಕೊಂಡೇ ಸುತ್ತಾಡಿದೆವು. ನಿದ್ದೆಗೆ ಸಿರಪ್ ಕೊಡುತ್ತಾರೆ, ಎಷ್ಟು ಅನ್ನುವುದನ್ನು ಡಾಕ್ಟರೇ ತೂಕ ನೋಡಿ ಹೇಳಬೇಕು, ಮನೆಯಿಂದ ಏನೂ ಕೊಟ್ಟು ಕರೆದೊಯ್ಯಬೇಡಿ. ಮಗುವಿನ ಹಳೇ ಹೊದಿಕೆ ಒಯ್ಯಿರಿ. ನಮಗೆ ಖಾಸಗಿಯಾಗಿ ಎರಡು ಸಾವಿರ ರೂಪಾಯಿ ಆಯಿತು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಕಿವಿ, ಮಾತು ಎರಡನ್ನೂ ಒಂದೇ ಕಡೆ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ. ಇಲ್ಲಿ ಆಗದಿದ್ದರೆ ಅಲ್ಲಿಗೇ ಹೋಗೋಣ ಅಂತ ರೈಲು ಸಹ ನೋಡಿಟ್ಟಿದ್ದೆವು. ಅಗತ್ಯ ಬೀಳಲಿಲ್ಲ.

ಫಲಿತಾಂಶ: ಎರಡೂ ಕಿವಿಗೆ ಸುಮಾರು 35 ಡೆಸಿಬಲ್ ಕಡಿಮೆ. ಒಳಗಿನ ನರ ಚೆನ್ನಾಗಿದೆ. ನೀರು ಹೋದರೆ ಕೇಳಿಸುತ್ತದೆ.

35 ಅಂದರೆ ಎಷ್ಟು ಅಂತ ನಾನು ಕೇಳಿದೆ. ಅಲ್ಲಿ ಕಿವಿ ಪರೀಕ್ಷೆ ಮಾಡುವ ಆಡಿಯಾಲಜಿಸ್ಟ್ ‘ಎರಡೂ ಕಿವಿಗೆ ಬೆರಳಿಟ್ಟುಕೊಳ್ಳಿ’ ಅಂದರು. ಆಮೇಲೆ ಮೆಲ್ಲಗೆ ಏನೋ ಹೇಳಿದರು. ದನಿ ಕೇಳಿತು, ಮಾತು ತಿಳಿಯಲಿಲ್ಲ. ಬೆರಳು ತೆಗೆದ ಮೇಲೆ ಅವರು ಹೇಳಿದ್ದು ನನಗೆ ಈಗಲೂ ನೆನಪಿದೆ. ‘ನಮ್ಮ ಕನ್ನಡದಲ್ಲಿ ಅರ್ಥ ಎಲ್ಲ ಬಾಲದಲ್ಲಿದೆ ಅಲ್ವಾ? ಮನೆಗೆ, ಮನೇಲಿ, ಮನೆಯಿಂದ. ಮುಂದಿನ ‘ಮನೆ’ ಜೋರಾಗಿ ಹೇಳ್ತೀವಿ, ಬಾಲ ಮೆತ್ತಗೆ ಬಿಡ್ತೀವಿ. ಇವನಿಗೆ ಬಾಲಾನೇ ಸಿಗ್ತಿಲ್ಲ. ಹೋಗು, ಹೋಗಿದ್ದಾನೆ, ಹೋಗಬೇಡ ಎಲ್ಲ ಒಂದೇ ಥರ ಕೇಳುತ್ತೆ. ಸಿಗದ ಮಾತು ಹೇಗೆ ಆಡ್ತಾನೆ?’ ನನಗೆ ಗಲ್ಲ ಹಿಡಿದು ಮುಖ ತಿರುಗಿಸಿಕೊಳ್ಳುತ್ತಿದ್ದ ಅವನ ಸಣ್ಣ ಕೈ ನೆನಪಾಯಿತು. ನನ್ನ ತುಟಿ ನೋಡುತ್ತಿದ್ದ ಅವನು. ಮತ್ತೆ ನಾನು ‘ಹೋಗಬೇಡ ಅಂದ್ರೆ ಕೇಳಲ್ಲ’ ಅಂತ ಎಷ್ಟು ಸಲ ಗದರಿಸಿದ್ದೆ.

ತಕ್ಷಣ ಆಪರೇಷನ್ ಇಲ್ಲ. ಎಷ್ಟೋ ಮಕ್ಕಳಿಗೆ ಮೂರು ತಿಂಗಳಲ್ಲಿ ಈ ನೀರು ತಾನಾಗಿಯೇ ಹೋಗುತ್ತದೆ, ಕಾಯಬೇಕು ಅಂದರು. ಈ ಮೂರು ತಿಂಗಳು ಬಲು ಉದ್ದ. ವಾರಕ್ಕೊಮ್ಮೆ ಮಾತಿನ ಥೆರಪಿಗೆ ಹೋದೆವು, ಒಂದು ಸಲಕ್ಕೆ ನಾನೂರು ರೂಪಾಯಿ. ಅಲ್ಲಿ ಕಲಿತದ್ದನ್ನು ಮನೆಯಲ್ಲಿ ದಿನವಿಡೀ ಮಾಡುವುದೇ ನಿಜವಾದ ಥೆರಪಿ. ಅವನ ಎತ್ತರಕ್ಕೆ ಕೂತು, ಮುಖಕ್ಕೆ ಬೆಳಕು ಬೀಳುವ ಹಾಗೆ, ಒಂದು ಮೊಳ ದೂರದಲ್ಲಿ ಮಾತಾಡುವುದು. ಟೀವಿ, ಮೊಬೈಲ್ ಬಂದ್. ಚಿಕ್ಕ ವಾಕ್ಯ, ಬಾಲವನ್ನು ಎಳೆದು ಹೇಳುವುದು: ‘ಅಂಗಡೀ...ಗೆ’, ‘ಡಬ್ಬೀ...ಲಿ’. ಹೇಳಿ ಮನಸ್ಸಿನಲ್ಲೇ ಹತ್ತು ಎಣಿಸುವುದು. ಈ ಹತ್ತು ಎಣಿಸುವುದು ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಮಗು ಬೆರಳು ತೋರಿಸಿದ ಕೂಡಲೇ ಕೊಟ್ಟುಬಿಡುವ ಅಭ್ಯಾಸ ನನ್ನದು.

ಇಲ್ಲೊಂದು ಮಾತು. ಶಾಲೆಗೆ ಸೇರಿಸಬೇಕಲ್ಲ, ಈಗಿನಿಂದ ಇಂಗ್ಲಿಷಿನಲ್ಲೇ ಮಾತಾಡಿ ಅಂತ ನಮಗೆ ಇಬ್ಬರು ಹೇಳಿದ್ದರು. ನಾನೂ ಸ್ವಲ್ಪ ದಿನ ‘ಕಮ್’, ‘ಗೋ’, ‘ಈಟ್’ ಶುರುಮಾಡಿದ್ದೆ. ಥೆರಪಿಸ್ಟ್ ಅದನ್ನು ನಿಲ್ಲಿಸಿದರು. ನಿಮಗೆ ಯಾವ ಭಾಷೆಯಲ್ಲಿ ಮುದ್ದು ಬರುತ್ತದೋ, ಸಿಟ್ಟು ಬರುತ್ತದೋ ಅದರಲ್ಲೇ ಮಾತಾಡಿ ಅಂದರು. ಮನೆಯಲ್ಲಿ ಎರಡು ಭಾಷೆ ಇದ್ದರೂ ಅದರಿಂದ ಮಾತು ತಡ ಆಗುವುದಿಲ್ಲ. ಬರದ ಭಾಷೆಯಲ್ಲಿ ನಾಲ್ಕು ಮಾತು ಆಡುವುದರಿಂದ ಮಗುವಿಗೆ ಸಿಗುವ ಮಾತೇ ಕಡಿಮೆಯಾಗುತ್ತದೆ.

ಜುಲೈಯಲ್ಲಿ ಮತ್ತೆ ಪರೀಕ್ಷೆ. ಗೆರೆ ಮತ್ತೆ ಬಯಲು. ಎಕ್ಸ್‌ರೇ ತೆಗೆದರು, ಮೂಗಿನ ಹಿಂದೆ ಅಡಿನಾಯ್ಡ್ ಅನ್ನುವ ಮೆತ್ತನೆಯ ಮಾಂಸ ದಪ್ಪವಾಗಿ ಬೆಳೆದಿತ್ತು. ಬಾಯಿ ತೆರೆದು ಮಲಗುವುದು, ಗೊರಕೆ, ಕಿವಿಯ ನೀರು ಮೂರಕ್ಕೂ ಅದೇ ಬೇರು. ಅಡಿನಾಯ್ಡ್ ತೆಗೆದು, ಎರಡೂ ಕಿವಿಯ ತಮಟೆಗೆ ಗ್ರೊಮೆಟ್ ಅನ್ನುವ ಸಣ್ಣ ಕೊಳವೆ ಇಡಬೇಕು ಅಂದರು. ಕಾರ್ಡ್ ಇಲ್ಲದಿದ್ದರೆ ನಲವತ್ತೈದು ಸಾವಿರ ಆಗುತ್ತದೆ ಅಂತ ಒಂದು ಆಸ್ಪತ್ರೆಯಲ್ಲಿ ಲೆಕ್ಕ ಕೊಟ್ಟರು. ನಮ್ಮದು ಬಿಪಿಎಲ್ ಕಾರ್ಡ್. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡಾ 30, ವರ್ಷಕ್ಕೆ 1.5 ಲಕ್ಷ ಮೀರದ ಹಾಗೆ. ಸರಿ, ನಮಗೆ ಸಿಗುತ್ತದೆ ಅಂದುಕೊಂಡು ಹೋದರೆ, ರೇಷನ್ ಕಾರ್ಡಿನಲ್ಲಿ ಮಗುವಿನ ಹೆಸರೇ ಇಲ್ಲ.

ಅಲ್ಲಿಂದ ಕಾಗದದ ಸರಪಳಿ ಶುರು. ರೇಷನ್ ಕಾರ್ಡಿಗೆ ಹೆಸರು ಸೇರಿಸಲು ಮಗುವಿನ ಆಧಾರ್ ಬೇಕು. ಆಧಾರ್ ಮಾಡಿಸಲು ಜನನ ಪ್ರಮಾಣಪತ್ರ ಬೇಕು. ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರು ಇರಬೇಕು. ನಮ್ಮದರಲ್ಲಿ ಹೆಸರಿನ ಜಾಗ ಖಾಲಿ. ಹುಟ್ಟಿದಾಗ ಇನ್ನೂ ನಾಮಕರಣ ಆಗಿರಲಿಲ್ಲ, ಆಮೇಲೆ ಸೇರಿಸೋಣ ಅಂತ ಬಿಟ್ಟಿದ್ದೆವು. ಒಂದು ವರ್ಷದೊಳಗೆ ಹೆಸರು ಸೇರಿಸಿದರೆ ಶುಲ್ಕ ಇಲ್ಲ, ಆಮೇಲೆ ತಡದ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಬಹುದು. ಆದರೆ ಜನನ ಎಲ್ಲಿ ನೋಂದಣಿ ಆಗಿದೆಯೋ ಅಲ್ಲಿಗೇ ಹೋಗಬೇಕು. ಹಾಗಾಗಿ ಚಿತ್ರದುರ್ಗಕ್ಕೆ ಮೂರು ಸಲ ಹೋದೆವು. ಒಂದು ಸಲ ಸರ್ವರ್ ಇಲ್ಲ. ಒಂದು ಸಲ ನನ್ನ ಗಂಡನ ಹೆಸರಿನಲ್ಲಿ ಇಂಗ್ಲಿಷಿನ ಒಂದು ಅಕ್ಷರ ಆಧಾರಿಗೂ ಅರ್ಜಿಗೂ ಹೊಂದಲಿಲ್ಲ. ಆ ದಿನ ಅವರು ಅಂಗಡಿ ಬಾಗಿಲು ಹಾಕಿ ಬಂದಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಕೂತು, ‘ಒಂದು ಅಕ್ಷರಕ್ಕೆ ನನ್ನ ಮಗನ ಕಿವಿ ನಿಂತಿದೆ’ ಅಂದರು. ಅವರ ಗಂಟಲು ಕಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮೂರನೇ ಸಲ ಹೆಸರು ಸೇರಿತು. ಬಾಲ ಆಧಾರ್ ಸುಲಭ. ಐದು ವರ್ಷದೊಳಗಿನ ಮಕ್ಕಳಿಗೆ ಬೆರಳಚ್ಚು, ಕಣ್ಣಿನ ಗುರುತು ತೆಗೆಯುವುದಿಲ್ಲ. ಫೋಟೋ ಸಾಕು, ತಂದೆ ಅಥವಾ ತಾಯಿಯ ಆಧಾರಿಗೆ ಜೋಡಿಸುತ್ತಾರೆ. ನೀಲಿ ಬಣ್ಣದ್ದು, ನೋಂದಣಿಗೆ ಹಣ ಇಲ್ಲ. ರೇಷನ್ ಕಾರ್ಡಿಗೆ ಹೆಸರು ಸೇರಲು ಮತ್ತೆ ಹತ್ತು ಹನ್ನೆರಡು ದಿನ. ಕೊನೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ. ಮೂಲಪ್ರತಿ ಜೊತೆ ಐದೈದು ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿ. ನಿಮ್ಮ ಮಗು ಈಗ ಗಟ್ಟಿಯಾಗಿ, ಆರೋಗ್ಯವಾಗಿ ಇದ್ದರೂ ಶಿಫಾರಸು ಪತ್ರ ಬಿಟ್ಟು ಉಳಿದ ಮೂರು ಕಾಗದ ಇವತ್ತೇ ನೋಡಿಕೊಳ್ಳಿ. ಆಸ್ಪತ್ರೆ ಬಾಗಿಲಲ್ಲಿ ನಿಂತು ಮಾಡಿಸುವ ಕೆಲಸ ಅಲ್ಲ ಇದು. ಆರು ವಾರ ನಮಗೆ ಇದರಲ್ಲೇ ಹೋಯಿತು.

ಆಪರೇಷನ್ ಸೆಪ್ಟೆಂಬರ್‌ನಲ್ಲಿ, ಬೆಳಗ್ಗೆ ಎಂಟಕ್ಕೆ. ರಾತ್ರಿಯಿಂದ ಹಾಲು, ಊಟ ಏನೂ ಕೊಡುವ ಹಾಗಿರಲಿಲ್ಲ. ಐದು ಗಂಟೆಗೆ ಎದ್ದು ಅಡುಗೆಮನೆ ಬಾಗಿಲು ಬಡಿಯುತ್ತಾ ‘ಮಮ್ಮು’ ಅಂದ. ಅವನಿಗಿದ್ದ ಆರು ಮಾತಿನಲ್ಲಿ ಒಂದು ಅದು, ಅದಕ್ಕೂ ನಾನು ಇಲ್ಲ ಅನ್ನಬೇಕಾಯಿತು. ಥಿಯೇಟರ್ ಬಾಗಿಲವರೆಗೆ ಎತ್ತಿಕೊಂಡು ಹೋದೆ. ನರ್ಸ್ ಕೈಗೆ ಕೊಡುವಾಗ ನನ್ನ ಸೀರೆ ಸೆರಗು ಅವನ ಮುಷ್ಟಿಯಲ್ಲೇ ಇತ್ತು. ಬಿಡಿಸಿಕೊಂಡೆ. ಮುಕ್ಕಾಲು ಗಂಟೆ. ಹೊರಗೆ ಬಂದಾಗ ಅರಿವಳಿಕೆ ಇಳಿಯುತ್ತಾ ತುಂಬ ಅತ್ತ, ಕಾಲು ಝಾಡಿಸಿದ. ಇದನ್ನು ಮೊದಲೇ ಹೇಳಿಡುತ್ತೇನೆ, ಯಾಕೆಂದರೆ ನಾನು ಏನೋ ಹೆಚ್ಚುಕಮ್ಮಿ ಆಗಿದೆ ಅಂತ ನಡುಗಿಬಿಟ್ಟೆ. ಅರ್ಧ ಗಂಟೆಯಲ್ಲಿ ಸಮಾಧಾನವಾಗುತ್ತದೆ. ಸಂಜೆ ಗಂಜಿ ಕುಡಿದ. ಔಷಧಿ, ಓಡಾಟ, ಊಟ ಸೇರಿ ಕೈಯಿಂದ ಹೋದದ್ದು ಸುಮಾರು ನಾಲ್ಕು ಸಾವಿರ.

ಮನೆಗೆ ಬಂದ ಮೊದಲ ರಾತ್ರಿ ಗೊರಕೆ ಇಲ್ಲ. ನಾನು ಎರಡು ಸಲ ಎದ್ದು ಮೂಗಿನ ಹತ್ತಿರ ಕೈ ಇಟ್ಟು ನೋಡಿದೆ. ಬೆಳಗ್ಗೆ ಫ್ಯಾನು ಕಿರ್‌ಕಿರ್ ಅನ್ನುವುದನ್ನು ಮೇಲೆ ನೋಡುತ್ತಾ ಕೇಳುತ್ತಾ ನಿಂತಿದ್ದ. ಅದು ಎರಡು ವರ್ಷದಿಂದ ಹಾಗೇ ಕಿರುಗುಟ್ಟುತ್ತಿದೆ. ಮಿಕ್ಸಿಗೆ ಹೆದರಿ ಅತ್ತ. ಗಣಪತಿ ಬಿಡುವ ಮೆರವಣಿಗೆಯ ಡೊಳ್ಳಿಗೆ ಅಜ್ಜಿಯ ಸೆರಗಿನೊಳಗೆ ಹೊಕ್ಕ. ಮೂರನೇ ದಿನ ಸಂಜೆ ನನ್ನ ಗಂಡ ಮಂಡಕ್ಕಿ, ಮಿರ್ಚಿ ತಂದಿದ್ದರು. ಇವನು ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡು ಅಗಿದ, ನಿಲ್ಲಿಸಿದ, ಮತ್ತೆ ಅಗಿದ. ಕರಕರ ಸದ್ದು ಕೇಳಿ ನಮ್ಮ ಮುಖ ನೋಡಿ ಜೋರಾಗಿ ನಕ್ಕ. ತಟ್ಟೆ ಖಾಲಿ ಆಗುವವರೆಗೂ ಅದೇ ಆಟ.

ಕಿವಿ ತೆರೆಯಿತು ಅಂತ ಮಾತು ಮರುದಿನ ಉದುರುವುದಿಲ್ಲ. ಅವನು ಎರಡೂವರೆ ವರ್ಷದ ಮಗುವಾದರೂ ಕೇಳುವುದರಲ್ಲಿ ಹೊಸಬ. ಮೊದಲ ತಿಂಗಳು ಬರೀ ಕೇಳಿದ. ಎರಡನೇ ತಿಂಗಳಿಂದ ವಾರಕ್ಕೆ ಎರಡು ಮೂರು ಪದ. ಸಂಕ್ರಾಂತಿ ಹೊತ್ತಿಗೆ ಐವತ್ತು ದಾಟಿ ನಾನು ಬರೆದಿಡುವುದನ್ನು ಬಿಟ್ಟೆ. ಥೆರಪಿ ನಿಲ್ಲಿಸಬೇಡಿ, ಆಪರೇಷನ್ ಆದ ಮೇಲೇ ಅದರ ಫಲ ಜಾಸ್ತಿ. ಗ್ರೊಮೆಟ್ ಇರುವಷ್ಟು ದಿನ ತಲೆಗೆ ನೀರು ಹಾಕುವಾಗ ಹತ್ತಿಗೆ ವ್ಯಾಸಲೀನ್ ಸವರಿ ಕಿವಿಗೆ ಇಡುತ್ತಿದ್ದೆ. ಎಣ್ಣೆ ಹನಿ ಬಿಡುವುದು ಅಂತೂ ಬೇಡವೇ ಬೇಡ, ಅತ್ತೆ ಇದನ್ನು ನನಗಿಂತ ಕಟ್ಟುನಿಟ್ಟಾಗಿ ಪಾಲಿಸಿದರು. ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದೊಳಗೆ ಕೊಳವೆ ತಾನಾಗಿಯೇ ಉದುರುತ್ತದೆ. ನಮ್ಮದು ಒಂದು ಏಪ್ರಿಲ್‌ನಲ್ಲಿ, ಇನ್ನೊಂದು ಮೇ ಕೊನೆಗೆ ಬಿತ್ತು. ಹೋದ ವಾರದ ಪರೀಕ್ಷೆಯಲ್ಲಿ ಎರಡೂ ಗೆರೆ ಗುಡ್ಡದ ಹಾಗೆ ಏರಿ ಇಳಿದಿವೆ. ನೆಗಡಿ ಜಾಸ್ತಿ ದಿನ ಉಳಿದರೆ ಮತ್ತೆ ತೋರಿಸಿ ಅಂದಿದ್ದಾರೆ.

‘ರ’ ಇನ್ನೂ ‘ಲ’ ಆಗಿಯೇ ಬರುತ್ತದೆ. ಹೊರಗಿನವರಿಗೆ ಅರ್ಧ ಮಾತು ತಿಳಿಯುವುದಿಲ್ಲ. ಈ ಜೂನ್‌ನಿಂದ ಅದೇ ಅಂಗನವಾಡಿಗೆ ಹೋಗುತ್ತಿದ್ದಾನೆ. ನಿನ್ನೆ ಸಂಜೆ ನಾನು ಅಕ್ಕಿ ಆರಿಸುತ್ತಾ ಬಾಗಿಲ ಕಡೆ ಬೆನ್ನು ಮಾಡಿ ಕೂತಿದ್ದೆ. ಅವನು ಚಪ್ಪಲಿ ಹಾಕಿಕೊಂಡು ಹಿಂದೆ ಬಂದು ನಿಂತ. ಗಲ್ಲ ಹಿಡಿಯಲಿಲ್ಲ, ಮುಖ ತಿರುಗಿಸಿಕೊಳ್ಳಲಿಲ್ಲ. ‘ಅವ್ವ, ಕೆಲೆಗೆ ಹೋಗಾಣ’ ಅಂದ. ಕುಂದುವಾಡ ಕೆರೆಗೆ. ‘ಗೆ’ ಹೇಳಿದ್ದ. ನಾನು ಮೊರ ಬದಿಗಿಟ್ಟು ಎದ್ದೆ.